ನಮ್ಮ ಸ್ಟೇಷನ್ನು, ಮಾಲ್ಗುಡಿ ಮತ್ತು ನಮ್ಮಪ್ಪಯ್ಯನ ನೋಟ್‌ಬುಕ್ಕು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸ್ವಾಗತ ಸಮಿತಿಯವರು ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಊಟದ ಹೊತ್ತು ಹತ್ತಿರ ಬಂತು, ಅಡುಗೆಮನೆ ಕಡೆಯಿಂದ ಸಾರಿನ ಒಗ್ಗರಣೆಯ ವಾಸನೆ ನಿಮಗೂ ಬರುತ್ತಿದೆ, ನನಗೂ ಬರುತ್ತಿದೆ. ಆದ್ದರಿಂದ ಸುತ್ತಿ ಬಳಸಿ ಮಾತಾಡುವುದಿಲ್ಲ. ನಮ್ಮ ಅರಸಾಳು ಸ್ಟೇಷನ್ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಕೊನೆಯಲ್ಲಿ ನಿಮ್ಮ ಮುಂದೆ ಒಂದು ಬೇಡಿಕೆ ಇಡುತ್ತೇನೆ.

ಸ್ಟೇಷನ್ ಎಂದರೆ ಈಗಿನ ಮಕ್ಕಳಿಗೆ ಎರಡು ಕಟ್ಟಡ ಕಣ್ಣ ಮುಂದೆ ಬರುತ್ತದೆ. ಒಂದು, ಟಿಕೆಟ್ ಕೊಡುವ ಹೊಸ ಕಟ್ಟಡ. ಇನ್ನೊಂದು, ಹೆಂಚಿನ ಮಾಡಿನ ಹಳೆಯ ಕಟ್ಟಡ, ಅಂದರೆ ‘ಮಾಲ್ಗುಡಿ ಮ್ಯೂಸಿಯಂ’. ನಮ್ಮ ಕಾಲದಲ್ಲಿ ಇದ್ದದ್ದು ಆ ಹಳೆಯದೊಂದೇ. ಟಿಕೆಟ್ ಕೊಡುವ ಕಿಂಡಿ, ಮಾಸ್ಟರ ಮೇಜು, ಕಂದೀಲು, ಮಳೆಗಾಲದಲ್ಲಿ ನಾವು ಒದ್ದೆ ಕೊಡೆ ಮಡಿಸಿ ನಿಲ್ಲಿಸುತ್ತಿದ್ದ ಮೂಲೆ, ಎಲ್ಲವೂ ಅದರೊಳಗೆ. ರಟ್ಟಿನ ಗಟ್ಟಿ ಟಿಕೆಟ್ಟನ್ನು ಒಂದು ಕಬ್ಬಿಣದ ಮಿಷನ್ನಿನಲ್ಲಿ ತೂರಿಸಿದರೆ ‘ಟಕ್’ ಎಂದು ತಾರೀಖು ಬೀಳುತ್ತಿತ್ತು. ಆ ಶಬ್ದ ಕೇಳಲಿಕ್ಕೆಂದೇ ಕಿಂಡಿಯ ಹತ್ತಿರ ನಿಲ್ಲುವ ಹುಡುಗರಲ್ಲಿ ನಾನೂ ಒಬ್ಬ.

ಈ ದಾರಿ ಹಾಕಿದ್ದು ಮೈಸೂರು ಸಂಸ್ಥಾನದ ಕಾಲದಲ್ಲಿ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲೇ ರೈಲು ಬಂದಿತ್ತು. ಅಲ್ಲಿಂದ ಮುಂದೆ ಕುಂಸಿ, ಅರಸಾಳು, ಆನಂದಪುರ, ಸಾಗರ, ತಾಳಗುಪ್ಪ ಎಂದು ಹಳಿ ಹಂತ ಹಂತವಾಗಿ ಮಲೆನಾಡಿನೊಳಗೆ ಹೋಯಿತು. ತಾಳಗುಪ್ಪ ಮುಟ್ಟಿದರೆ ಜೋಗ ಹತ್ತಿರ. ಕುಂಸಿ ಕಡೆ ಮ್ಯಾಂಗನೀಸ್ ಗಣಿ, ಸುತ್ತಲೂ ಮರಮುಟ್ಟು, ಜೋಗದಲ್ಲಿ ಮುಂದೆ 1948ರಲ್ಲಿ ಚಾಲೂ ಆದ ವಿದ್ಯುದಾಗಾರ. ಹೀಗೆ ರೈಲಿಗೆ ಕೆಲಸ ಬೇಕಾದಷ್ಟಿತ್ತು. ಹಳಿಯ ಅಗಲ ಒಂದೇ ಒಂದು ಮೀಟರು. ಈಗಿನ ಬ್ರಾಡ್‌ಗೇಜ್ 1676 ಮಿಲಿಮೀಟರು. ಎರಡಕ್ಕೂ ಎಷ್ಟು ವ್ಯತ್ಯಾಸ ಎಂದು ಮಕ್ಕಳು ಸ್ಕೇಲು ತೆಗೆದುಕೊಂಡು ಗೋಡೆಯ ಮೇಲೆ ಅಳೆದು ನೋಡಿ. ಮೀಟರ್‌ಗೇಜ್ ಗಾಡಿ ಚಿಕ್ಕದು, ನಿಧಾನ. ಕಾಡಿನೊಳಗೆ ತಿರುವಿನಲ್ಲಿ ಅದು ಎಷ್ಟು ನಿಧಾನ ಹೋಗುತ್ತಿತ್ತೆಂದರೆ, ಕೊನೆಯ ಡಬ್ಬಿಯಲ್ಲಿ ಕೂತವನಿಗೆ ಎಂಜಿನ್ನು ಕಿಟಕಿಯಿಂದಲೇ ಕಾಣುತ್ತಿತ್ತು.

ನಮ್ಮಪ್ಪಯ್ಯ ಇದೇ ದಾರಿಯಲ್ಲಿ ಕೀಮ್ಯಾನ್ ಆಗಿದ್ದರು. ಕೀಮ್ಯಾನ್ ಎಂದರೆ ಏನೆಂದು ಇಲ್ಲಿರುವ ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ. ಹಳಿಯನ್ನು ಅದರ ಅಡಿಯ ಸ್ಲೀಪರಿಗೆ ಬಿಗಿದು ಹಿಡಿಯುವ ಕಬ್ಬಿಣದ ಬೆಣೆಗೆ ‘ಕೀ’ ಎನ್ನುತ್ತಾರೆ. ಗಾಡಿ ಓಡಿ ಓಡಿ ಆ ಬೆಣೆ ಸಡಿಲವಾಗಿ ಹೊರಗೆ ಜಾರುತ್ತದೆ. ಅದನ್ನು ಸುತ್ತಿಗೆಯಿಂದ ಹೊಡೆದು ಮತ್ತೆ ಕೂರಿಸಬೇಕು. ಹಳಿ ಹಳಿ ಸೇರುವ ಕಡೆ ಪಟ್ಟಿಯ ಬೋಲ್ಟು ಸಡಿಲವಾಗಿದ್ದರೆ ಸ್ಪ್ಯಾನರ್ ಹಾಕಿ ಬಿಗಿ ಮಾಡಬೇಕು. ಹೆಗಲ ಮೇಲೆ ಸುತ್ತಿಗೆ, ಕೈಯಲ್ಲಿ ಸ್ಪ್ಯಾನರು, ಕಂಕುಳಲ್ಲಿ ಕೆಂಪು ಹಸಿರು ಬಾವುಟ. ದಿನಾ ಬೆಳಗ್ಗೆ ತಮ್ಮ ಪಾಲಿನ ದಾರಿಯನ್ನು ಒಂದು ಹಳಿ ನೋಡುತ್ತಾ ಹೋಗಿ, ಇನ್ನೊಂದು ಹಳಿ ನೋಡುತ್ತಾ ವಾಪಸ್ ಬರಬೇಕು. ಬಿಸಿಲಾಗಲಿ, ಮಳೆಯಾಗಲಿ, ಜ್ವರವೇ ಇರಲಿ.

ಮಳೆಗಾಲ ಬಂತೆಂದರೆ ರಾತ್ರಿ ಪಾಳಿ ಬೇರೆ. ನಮ್ಮ ಕಡೆಯ ಆಷಾಢದ ಮಳೆ ನಿಮಗೆಲ್ಲ ಗೊತ್ತೇ ಇದೆ. ಮರ ಹಳಿಯ ಮೇಲೆ ಬೀಳುತ್ತದೆ, ದರೆ ಕುಸಿಯುತ್ತದೆ, ಮೋರಿಯ ಬಾಯಿಗೆ ಕಸ ಕಟ್ಟಿ ನೀರು ಹಳಿಯ ಮೇಲೇ ಹರಿಯುತ್ತದೆ. ಆಗ ಕಂಬಳಿ ಕೊಪ್ಪೆ ಹಾಕಿಕೊಂಡು, ಕಂದೀಲು ಹಿಡಿದು ಒಬ್ಬರು ಈ ಕಡೆಯಿಂದ, ಇನ್ನೊಬ್ಬರು ಆ ಕಡೆಯಿಂದ ನಡೆದು ಬಂದು, ಮಧ್ಯದಲ್ಲಿ ಸೇರಿ ಪುಸ್ತಕ ಬದಲಾಯಿಸಿಕೊಳ್ಳುತ್ತಿದ್ದರು. ಪುಸ್ತಕ ಬದಲಾಯಿತೆಂದರೆ ಇಬ್ಬರೂ ನಿಜವಾಗಿ ಅಷ್ಟು ದೂರ ನಡೆದಿದ್ದಾರೆ ಎಂದು ಅರ್ಥ. ಸೊಂಟದ ಡಬ್ಬಿಯಲ್ಲಿ ‘ಪಟಾಕಿ’ ಇರುತ್ತಿತ್ತು. ದೀಪಾವಳಿಯದಲ್ಲ. ದಾರಿ ಕೆಟ್ಟಿದ್ದರೆ ಅದನ್ನು ದೂರದಲ್ಲಿ ಹಳಿಗೆ ಕಟ್ಟಿ ಬರಬೇಕು. ಎಂಜಿನ್ ಚಕ್ರ ಅದರ ಮೇಲೆ ಹತ್ತಿದಾಗ ಸಿಡಿಯುತ್ತದೆ, ಆ ಶಬ್ದ ಕೇಳಿ ಡ್ರೈವರು ಗಾಡಿ ನಿಲ್ಲಿಸುತ್ತಾನೆ. ಅಪ್ಪಯ್ಯ ರಾತ್ರಿ ಪಾಳಿಗೆ ಹೋದ ದಿನ ಅಮ್ಮ ಮಲಗುತ್ತಿರಲಿಲ್ಲ. ಬೆಳಗಿನ ಗಾಡಿಯ ಸಿಳ್ಳೆ ಕೇಳಿದ ಮೇಲೆ, ‘ಸರಿ, ದಾರಿ ಚೆನ್ನಾಗಿದೆ’ ಎಂದು ಒಲೆ ಹಚ್ಚುತ್ತಿದ್ದರು.

ಈ ಶಾಲೆಗೂ ಆ ಗಾಡಿಗೂ ಹೊಕ್ಕುಬಳ್ಳಿ ಇತ್ತು. ಗಾಡಿಯಲ್ಲಿ ಬರುವ ಮಕ್ಕಳಿದ್ದರು, ಗಾಡಿಯಲ್ಲಿ ಬರುವ ಮೇಷ್ಟ್ರೂ ಇದ್ದರು. ಗಾಡಿ ತಡವಾದರೆ ಪ್ರಾರ್ಥನೆಯ ಸಾಲು ಗಿಡ್ಡವಾಗುತ್ತಿತ್ತು. ಮನೆಗೆಲಸ ಮಾಡದೆ ಬಂದವರೆಲ್ಲ ‘ಇವತ್ತು ಗಾಡಿ ತಡ ಆಗಲಪ್ಪಾ’ ಎಂದು ಬೇಡಿಕೊಳ್ಳುತ್ತಿದ್ದರು. ಗಾಡಿ ತಡ ಎಂಬ ನೆಪ ಹೇಳಿ, ಗಾಡಿಯಲ್ಲೇ ಬಾರದವನೊಬ್ಬ ಸಿಕ್ಕಿಬಿದ್ದದ್ದೂ ಉಂಟು. ಅವನು ಈಗ ಇಲ್ಲೇ ಮೂರನೇ ಸಾಲಿನಲ್ಲಿ ಕೂತು ನಗುತ್ತಿದ್ದಾನೆ. ಹೆಸರು ಹೇಳುವುದಿಲ್ಲ.

ಇನ್ನು ಮಾಲ್ಗುಡಿಯ ಮಾತಿಗೆ ಬರುತ್ತೇನೆ.

ಆರ್. ಕೆ. ನಾರಾಯಣ್ ಎಂಬ ಮೈಸೂರಿನ ದೊಡ್ಡ ಲೇಖಕರು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. 1930ರ ಸೆಪ್ಟೆಂಬರ್ ತಿಂಗಳಲ್ಲಿ, ಅಜ್ಜಿ ನೋಡಿಕೊಟ್ಟ ಒಂದು ಒಳ್ಳೆಯ ದಿನ, ಹೊಸ ನೋಟ್‌ಬುಕ್ ತಂದು ತಮ್ಮ ಮೊದಲ ಕಾದಂಬರಿ ಬರೆಯಲು ಕೂತರು. ಏನು ಬರೆಯುವುದು ಎಂದು ಯೋಚಿಸುತ್ತಾ ಕೂತಾಗ ಅವರ ಕಣ್ಣ ಮುಂದೆ ಬಂದದ್ದು ಮಾಲ್ಗುಡಿ ಎಂಬ ಊರು ಮತ್ತು ಅದರ ಪುಟ್ಟ ರೈಲ್ವೆ ಸ್ಟೇಷನ್. ಇದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಂದರೆ ಆ ಊರಿನಲ್ಲಿ ಶಾಲೆ, ನದಿ, ಬೀದಿ, ಸ್ವಾಮಿ ಎಂಬ ಹುಡುಗ ಇವರೆಲ್ಲರಿಗಿಂತ ಮೊದಲೇ ಸ್ಟೇಷನ್ ಇತ್ತು! ಆ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಪ್ರಕಟವಾಯಿತು. ಮುಂದೆ ‘ದಿ ಗೈಡ್’ ಬರೆದಾಗಲೂ ಕಥೆ ನಡೆಸುವ ರಾಜು ಮಾಲ್ಗುಡಿ ಸ್ಟೇಷನ್ನಿನಲ್ಲಿ ಅಂಗಡಿ ಇಟ್ಟವನೇ. ಮಾಲ್ಗುಡಿ ಯಾವ ನಕ್ಷೆಯಲ್ಲೂ ಇಲ್ಲ. ಅದು ಲೇಖಕರ ಮನಸ್ಸಿನ ಊರು.

ಮನಸ್ಸಿನ ಊರಿಗೆ ನೆಲದ ಮೇಲೆ ಜಾಗ ಹುಡುಕಿದವರು ನಮ್ಮ ಶಂಕರ್ ನಾಗ್. ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಹೆಚ್ಚಿನ ಭಾಗವನ್ನು ಅವರು ಆಗುಂಬೆಯಲ್ಲಿ ತೆಗೆದರು. ಆಗುಂಬೆಯಲ್ಲಿ ಎಲ್ಲವೂ ಇತ್ತು, ರೈಲು ಮಾತ್ರ ಇರಲಿಲ್ಲ. ಹಾಗಾಗಿ ಸ್ಟೇಷನ್ ದೃಶ್ಯಗಳಿಗೆ ನಮ್ಮ ಅರಸಾಳಿಗೆ ಬಂದರು. ಕಲಾ ನಿರ್ದೇಶಕರು ಜಾನ್ ದೇವರಾಜ್. ನಮ್ಮ ಸ್ಟೇಷನ್ನಿಗೆ ‘ಮಾಲ್ಗುಡಿ’ ಎಂಬ ಬೋರ್ಡು ಬಿತ್ತು. 1986ರಲ್ಲಿ ದೂರದರ್ಶನದಲ್ಲಿ ಧಾರಾವಾಹಿ ಶುರುವಾಯಿತು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಸ್ವಾಮಿಯ ಅಪ್ಪನಾಗಿ ಗಿರೀಶ್ ಕಾರ್ನಾಡ್, ಎಲ್. ವೈದ್ಯನಾಥನ್ ಅವರ ಸಂಗೀತ, ಆರ್. ಕೆ. ಲಕ್ಷ್ಮಣ್ ಅವರ ಗೆರೆಗಳು.

ಆಗ ಊರಿನಲ್ಲಿ ಟಿವಿ ಇದ್ದ ಮನೆಗಳನ್ನು ಒಂದು ಕೈ ಬೆರಳಲ್ಲಿ ಎಣಿಸಬಹುದಿತ್ತು. ನಾನು ಹೈಸ್ಕೂಲಿನಲ್ಲಿದ್ದೆ. ಅಂಗಳದ ತುಂಬ ಜನ. ಒಬ್ಬ ಮಾಡು ಹತ್ತಿ ಆಂಟೆನಾ ತಿರುಗಿಸುವುದು, ಕೆಳಗಿನಿಂದ ‘ಬಂತು, ಬಂತು, ಹೋಯ್ತು’ ಎಂದು ಕೂಗುವುದು. ಧಾರಾವಾಹಿ ಇದ್ದದ್ದು ಹಿಂದಿಯಲ್ಲಿ. ನಮ್ಮ ಸ್ಟೇಷನ್ ಹಿಂದಿ ಮಾತಾಡುವುದನ್ನು ಕಂಡು ಅಮ್ಮ, ‘ಇದು ನಮ್ದೇ ಹೌದನಾ ಮಾರಾಯ?’ ಎಂದು ಕೇಳಿದ್ದು ನೆನಪಿದೆ. ಮಾರನೆಯ ದಿನ ಹಿಂದಿ ಮೇಡಂ ಅವರಿಗೆ ಬಹಳ ಖುಷಿ. ಅಷ್ಟು ದಿನ ಹಿಂದಿ ಪೀರಿಯಡ್ಡಿನಲ್ಲಿ ನಿದ್ದೆ ಮಾಡುತ್ತಿದ್ದವರೆಲ್ಲ ಆವತ್ತು ಕೈ ಎತ್ತಿ ಪ್ರಶ್ನೆ ಕೇಳಿದರು.

ಆದರೆ ಅಪ್ಪಯ್ಯ ನೋಡಿದ್ದೇ ಬೇರೆ. ಎಲ್ಲರೂ ಸ್ವಾಮಿಯನ್ನು, ಗಾಡಿಯನ್ನು ನೋಡುತ್ತಿದ್ದರೆ ಅವರು ಹಳಿ ನೋಡುತ್ತಿದ್ದರು. ‘ಕಡಿ ಕಲ್ಲು ಚೆನ್ನಾಗಿ ಕಾಣ್ತದೆ’ ಎಂದಷ್ಟೇ ಹೇಳಿದರು. ಆ ಕಲ್ಲು ಒಪ್ಪ ಮಾಡಿದ್ದು ಅವರ ಗ್ಯಾಂಗು.

ಮುಂದೆ ಏನಾಯಿತು ಎಂಬುದು ನಿಮಗೆಲ್ಲ ಗೊತ್ತು. ದೇಶದಲ್ಲೆಲ್ಲ ಮೀಟರ್‌ಗೇಜ್ ತೆಗೆದು ಬ್ರಾಡ್‌ಗೇಜ್ ಹಾಕುವ ಕೆಲಸ ನಡೆಯಿತು. ನಮ್ಮ ದಾರಿಯ ಸರದಿ ಬಹಳ ತಡವಾಗಿ ಬಂತು. ಕೊನೆಯ ವರ್ಷಗಳಲ್ಲಿ ಬಸ್ಸಿನಂಥದೇ ಒಂದು ರೈಲ್‌ಬಸ್ಸು ಓಡಿತು. ಆಮೇಲೆ ಅದೂ ನಿಂತು, ಹಳಿ ಕಿತ್ತು, ಹೊಸ ಹಳಿ ಹಾಕಿ, 2011ರ ಹೊತ್ತಿಗೆ ತಾಳಗುಪ್ಪದವರೆಗೆ ದೊಡ್ಡ ಗಾಡಿ ಬಂತು. ಈಗ ನಮ್ಮ ಹಳಿಯ ಮೇಲೆಯೇ ಬೆಂಗಳೂರಿಗೆ, ಮೈಸೂರಿಗೆ ಗಾಡಿ ಹೋಗುತ್ತದೆ. ಇದು ಸಣ್ಣ ಮಾತಲ್ಲ, ಸಂತೋಷದ ಮಾತು. ಆದರೆ ಹೊಸ ಹಳಿಗೆ ಹೊಸ ಪ್ಲಾಟ್‌ಫಾರಂ, ಹೊಸ ಪ್ಲಾಟ್‌ಫಾರಮ್ಮಿಗೆ ಹೊಸ ಕಟ್ಟಡ ಬಂದಾಗ ಹಳೆಯ ಸ್ಟೇಷನ್ನಿಗೆ ಕೆಲಸ ಇಲ್ಲವಾಯಿತು.

ಕೆಲಸವಿಲ್ಲದ ಕಟ್ಟಡ ಮಲೆನಾಡಿನಲ್ಲಿ ಎಷ್ಟು ವರ್ಷ ನಿಲ್ಲುತ್ತದೆ? ಇದು ನಾವೆಲ್ಲ ಕಣ್ಣಾರೆ ಕಂಡ ವಿಷಯ. ಮೊದಲ ವರ್ಷ ಒಂದು ಹೆಂಚು ಜಾರುತ್ತದೆ, ಯಾರೂ ಹತ್ತಿ ಸರಿಮಾಡುವುದಿಲ್ಲ. ಮಳೆ ನೀರು ಪಕಾಸಿಯ ಮೇಲೆ ಬೀಳುತ್ತದೆ. ಎರಡನೇ ವರ್ಷ ಪಕಾಸಿಗೆ ಗೆದ್ದಲು. ಮೂರನೇ ವರ್ಷ ಗೋಡೆಯ ತಲೆಗೆ ನೀರು ಕುಡಿದು ಗಾರೆ ಉದುರುತ್ತದೆ, ಅರಳಿ ಸಸಿ ಬೇರು ಬಿಡುತ್ತದೆ. ಆಮೇಲೆ ಬಾಗಿಲು ಕಿಟಕಿ ಕಾಣೆಯಾಗುತ್ತದೆ. ಯಾರು ಒಯ್ದರು ಎಂದು ಕೇಳಬೇಡಿ, ಉತ್ತರ ನಮ್ಮ ಊರಲ್ಲೇ ಸಿಕ್ಕೀತು. ನಮ್ಮ ಸ್ಟೇಷನ್ನೂ ಆ ದಾರಿ ಹಿಡಿದಿತ್ತು. ಕೆಡವುವುದು ಬಾಕಿ ಇತ್ತು ಅಷ್ಟೇ.

ಅದನ್ನು ಉಳಿಸಿದ್ದು ಮಾಲ್ಗುಡಿ. ಇದನ್ನು ನಾವು ಒಪ್ಪಿಕೊಳ್ಳಬೇಕು. ಧಾರಾವಾಹಿ ನೋಡಿ ಬೆಳೆದವರು ದೇಶದ ಯಾವ ಯಾವುದೋ ಮೂಲೆಯಿಂದ ‘ಆ ಸ್ಟೇಷನ್ ಎಲ್ಲಿ’ ಎಂದು ಹುಡುಕಿಕೊಂಡು ಬರುತ್ತಿದ್ದರು. ನೈರುತ್ಯ ರೈಲ್ವೆಯ ಮೈಸೂರು ವಿಭಾಗದವರು ಹಳೆಯ ಕಟ್ಟಡವನ್ನು ರಿಪೇರಿ ಮಾಡಿಸಿ, ಅದೇ ಜಾನ್ ದೇವರಾಜ್ ಅವರ ಕೈಯಲ್ಲಿ ಮ್ಯೂಸಿಯಂ ರೂಪ ಕೊಡಿಸಿದರು. ಮೂವತ್ತು ವರ್ಷಕ್ಕೂ ಹಿಂದೆ ಇದನ್ನು ಮಾಲ್ಗುಡಿ ಮಾಡಿದವರೇ ಮತ್ತೆ ಬಂದು ಮಾಲ್ಗುಡಿ ಮಾಡಿದರು. 2020ರ ಆಗಸ್ಟಿನಲ್ಲಿ, ಕೊರೋನಾದ ನಡುವೆಯೇ, ಮ್ಯೂಸಿಯಂ ತೆರೆಯಿತು. ಪಕ್ಕದಲ್ಲಿ ಹಳೆಯ ರೈಲು ಡಬ್ಬಿಯೊಂದರಲ್ಲಿ ಚಹಾ ಕುಡಿಯುವ ಏರ್ಪಾಡು. ಜೋಗಕ್ಕೆ ಹೋಗುವವರು ಇಳಿದು, ನೋಡಿ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ.

ಇಂಥ ಕೆಲಸ ನಮ್ಮ ರಾಜ್ಯದಲ್ಲಿ ಬೇರೆ ಕಡೆಯೂ ನಡೆದಿದೆ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿ ದೇವನಹಳ್ಳಿ, ನಂದಿ ಹಾಲ್ಟ್ ಎಂಬ ಸ್ಟೇಷನ್ನುಗಳಿವೆ. ನೂರು ವರ್ಷದ ಹಿಂದೆ ನ್ಯಾರೋಗೇಜ್ ಗಾಡಿಗಾಗಿ ಕಟ್ಟಿದವು. ಅವುಗಳನ್ನೂ ಪಾಳು ಬೀಳಲು ಬಿಡದೆ, ಇಂಟ್ಯಾಕ್ ಸಂಸ್ಥೆಯವರು ರೈಲ್ವೆಯ ಜೊತೆ ಸೇರಿ ದುರಸ್ತಿಗೆ ಕೈ ಹಾಕಿದರು. ಇವೆಲ್ಲ ಅರಮನೆಯಲ್ಲ, ಕೋಟೆಯಲ್ಲ. ಹತ್ತಾರು ಹಳ್ಳಿಯ ಜನ ಗಂಟು ಮೂಟೆ ಇಟ್ಟುಕೊಂಡು ಕಾಯುತ್ತಿದ್ದ ಸಣ್ಣ ಕಟ್ಟಡಗಳು. ಇಂಥವೂ ಉಳಿಯಬೇಕು ಎಂದು ಯಾರಿಗಾದರೂ ಅನ್ನಿಸಿತಲ್ಲ, ಅದೇ ದೊಡ್ಡದು.

ಈಗ ನಮ್ಮ ಊರಿನ ಅಂಗಡಿ ಕಟ್ಟೆಯ ಮೇಲೆ ಕೇಳಿಬರುವ ಎರಡು ಮಾತುಗಳಿಗೆ ಬರುತ್ತೇನೆ. ನಾನು ರಜೆಗೆ ಬಂದಾಗಲೆಲ್ಲ ಈ ಮಾತು ಕೇಳುತ್ತೇನೆ.

ಮೊದಲನೆಯದು: ‘ಮ್ಯೂಸಿಯಂನಿಂದ ನಮಗೇನು ಬಂತು? ಗಾಡಿ ನಿಲ್ಲಿಸಲಿ, ಬಸ್ಸು ಬಿಡಲಿ, ಅದು ಉಪಯೋಗ.’ ಈ ಮಾತಿನಲ್ಲಿ ತಪ್ಪಿಲ್ಲ. ಗಾಡಿ ನಿಲ್ಲಬೇಕು ಎಂದು ಕೇಳುವುದು ನಮ್ಮ ಹಕ್ಕು, ಕೇಳುತ್ತಲೇ ಇರೋಣ. ಆದರೆ ಒಂದು ಬೇಕು ಎಂದರೆ ಇನ್ನೊಂದು ಬೇಡ ಎಂದಾಗಬೇಕಿಲ್ಲ. ನಾಳೆ ಗಾಡಿ ನಿಲ್ಲಿಸಿ ಎಂದು ಅರ್ಜಿ ಬರೆಯುವಾಗ, ‘ನಮ್ಮಲ್ಲಿ ನೋಡಲು ಜನ ಬರುತ್ತಾರೆ’ ಎಂಬುದೂ ಅರ್ಜಿಯಲ್ಲಿ ಒಂದು ಕಾರಣವಾಗುತ್ತದೆ. ನೋಡುವವರು ಬಂದಲ್ಲಿ ನಮ್ಮ ಹೆಣ್ಣುಮಕ್ಕಳ ಸಂಘದವರ ಹಪ್ಪಳ, ಉಪ್ಪಿನಕಾಯಿ, ಜೋನಿಬೆಲ್ಲ, ಅಪ್ಪೆಮಿಡಿ ಯಾಕೆ ಮಾರಾಟವಾಗಬಾರದು? ಅದನ್ನು ಬೆಂಗಳೂರಿನಿಂದ ಬಂದು ಯಾರೂ ಮಾಡಿಕೊಡುವುದಿಲ್ಲ.

ಎರಡನೆಯದು ಹೆಸರಿನ ಮಾತು. 2019ರಲ್ಲಿ ಸ್ಟೇಷನ್ನಿನ ಹೆಸರನ್ನೇ ಮಾಲ್ಗುಡಿ ಮಾಡುತ್ತಾರಂತೆ ಎಂದು ಸುದ್ದಿಯಾದಾಗ ನಮ್ಮಲ್ಲಿ ಕೆಲವರಿಗೆ ಹೆಮ್ಮೆ, ಕೆಲವರಿಗೆ ಕಸಿವಿಸಿ. ಅರಸಾಳು ಎಂಬುದು ಹಿರಿಯರು ಇಟ್ಟ ಹೆಸರು, ಕಥೆಯ ಊರಿಗಾಗಿ ನಿಜವಾದ ಊರಿನ ಹೆಸರು ಬಿಡುವುದೇ ಎಂದು ಹಿರಿಯರೊಬ್ಬರು ನನ್ನ ಹತ್ತಿರ ಬೇಸರದಿಂದ ಹೇಳಿದ್ದರು. ಈಗ ಸ್ಟೇಷನ್ ಅರಸಾಳು, ಮ್ಯೂಸಿಯಂ ಮಾಲ್ಗುಡಿ. ನನಗೆ ಇದೇ ಸರಿ ಎನ್ನಿಸುತ್ತದೆ. ನಾರಾಯಣರ ಊರಿಗೆ ನಾವು ಮನೆ ಕೊಟ್ಟೆವು, ನಮ್ಮ ಹೆಸರು ಕೊಡಲಿಲ್ಲ. ಬಂದ ನೆಂಟರಿಗೆ ಜಗುಲಿ ಬಿಟ್ಟುಕೊಡುತ್ತೇವೆ, ಪಹಣಿಯನ್ನು ಅವರ ಹೆಸರಿಗೆ ಬರೆದುಕೊಡುತ್ತೇವೆಯೇ?

ಆದರೆ ಒಂದು ಮಾತು ಉಳಿಯುತ್ತದೆ. ನೆಂಟರು ಬಂದರು, ಜಗುಲಿಯ ಮೇಲೆ ಕೂತರು. ಮನೆಯವರು ಎಲ್ಲಿ?

ಎರಡು ವರ್ಷದ ಹಿಂದೆ ನನ್ನ ಮಗಳನ್ನು ಕರೆದುಕೊಂಡು ಮ್ಯೂಸಿಯಂಗೆ ಹೋಗಿದ್ದೆ. ಅವಳು ಎಲ್ಲ ನೋಡಿದಳು, ಸ್ವಾಮಿಯನ್ನು ನೋಡಿ ನಕ್ಕಳು. ಹೊರಗೆ ಬಂದು ಚಹಾ ಕುಡಿಯುವಾಗ ಕೇಳಿದಳು: ‘ಅಪ್ಪಾ, ಅಜ್ಜಯ್ಯ ಇದೇ ಸ್ಟೇಷನ್ನಲ್ಲಿ ಕೆಲಸ ಮಾಡಿದ್ರು ಅಂದ್ಯಲ್ಲ, ಅವರದ್ದು ಏನಿದೆ ಇಲ್ಲಿ?’

ನನಗೆ ಉತ್ತರ ಹೇಳಲಾಗಲಿಲ್ಲ. ತಪ್ಪು ಮ್ಯೂಸಿಯಮ್ಮಿನದಲ್ಲ. ಅದು ಮಾಲ್ಗುಡಿಯನ್ನು ತೋರಿಸುತ್ತೇನೆ ಎಂದು ಹೇಳಿತ್ತು, ತೋರಿಸಿತು. ಅಜ್ಜಯ್ಯನನ್ನು ತೋರಿಸಬೇಕಾಗಿದ್ದವನು ನಾನು. ಮತ್ತು ನಾನು ಏನು ಮಾಡಿದ್ದೆ ಎಂದು ಇವತ್ತು ಗುರುಗಳ ಮುಂದೆ ಒಪ್ಪಿಕೊಳ್ಳಬೇಕು.

ಅಪ್ಪಯ್ಯ ಹೆಚ್ಚು ಓದಿದವರಲ್ಲ. ಆದರೆ ನಾನು ಈ ಶಾಲೆಯಲ್ಲಿ ಬಳಸಿ ಉಳಿದ ಹಾಳೆಗಳನ್ನು ದಾರದಿಂದ ಹೊಲಿದು ನೋಟ್‌ಬುಕ್ ಮಾಡಿಕೊಂಡಿದ್ದರು. ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಡುತ್ತಿದ್ದರು. ಯಾವ ದಿನ ಯಾವ ಕಂಬದ ಹತ್ತಿರ ಮರ ಬಿತ್ತು, ಯಾವ ಮೋರಿ ಕಟ್ಟಿತು, ಯಾವ ರಾತ್ರಿ ಆನೆ ಹಳಿ ದಾಟಿತು, ಯಾರು ಜ್ವರದಿಂದ ರಜೆ ಹಾಕಿದ್ದಕ್ಕೆ ಇವರು ಎರಡು ಪಾಳಿ ನಡೆದರು, ಎಲ್ಲ. ಸರ್ಕಾರದ ಪುಸ್ತಕ ಬೇರೆ ಇತ್ತು, ಇದು ಅವರ ಸ್ವಂತದ್ದು. ಅಂಥವು ಐದಾರು ಇದ್ದವು. ಅಪ್ಪಯ್ಯ ತೀರಿಕೊಂಡ ಮೇಲೆ ಹಳೆಯ ಮನೆಯ ಮಾಡು ತೆಗೆದು ತಾರಸಿ ಹಾಕಿಸಿದೆವು. ಅಟ್ಟ ಖಾಲಿ ಮಾಡಬೇಕಿತ್ತು. ನನಗೆ ರಜೆ ಎರಡೇ ದಿನ. ಹಳೆಯ ಪೇಪರು, ನನ್ನ ಹಳೆಯ ಪಠ್ಯಪುಸ್ತಕ, ಆ ನೋಟ್‌ಬುಕ್ಕುಗಳು ಎಲ್ಲವನ್ನೂ ಒಟ್ಟು ಕಟ್ಟಿ ಗುಜರಿಯವನಿಗೆ ಕೆ.ಜಿ. ಲೆಕ್ಕದಲ್ಲಿ ಹಾಕಿದೆ. ತೂಕ ಮಾಡುವಾಗ ಅಮ್ಮ ಬಾಗಿಲಲ್ಲಿ ನಿಂತಿದ್ದರು. ಏನೂ ಹೇಳಲಿಲ್ಲ.

ಆಮೇಲೆ ಒಮ್ಮೆ ಮೈಸೂರಿನ ರೈಲ್ವೆ ಮ್ಯೂಸಿಯಂಗೆ ನನ್ನ ಶಾಲೆಯ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗಿದ್ದೆ. 1979ರಲ್ಲಿ ಶುರುವಾದ ಮ್ಯೂಸಿಯಂ ಅದು. ಮಹಾರಾಣಿಯವರ ಸಲೂನ್ ಡಬ್ಬಿ ಅಲ್ಲಿದೆ. ಮಕ್ಕಳು ಬೆರಗಾಗಿ ನೋಡಿದರು. ನಾನು ಹಳೆಯ ದೀಪ, ಸಿಗ್ನಲ್ಲುಗಳ ಮುಂದೆ ನಿಂತುಬಿಟ್ಟೆ. ಮಹಾರಾಣಿಯ ಡಬ್ಬಿ ಉಳಿದಿದೆ, ಉಳಿಯಬೇಕಾದ್ದೇ. ಆ ಡಬ್ಬಿ ಹಳಿ ತಪ್ಪದೆ ಓಡಲಿ ಎಂದು ಮಳೆಯಲ್ಲಿ ಬೆಣೆ ಹೊಡೆದವರ ಬರಹ ಐದಾರು ನೋಟ್‌ಬುಕ್ಕಿನಲ್ಲಿ ಉಳಿದಿತ್ತು. ಅದನ್ನು ಸಮಾಜ ವಿಜ್ಞಾನ ಪಾಠ ಮಾಡುವ ಮೇಷ್ಟ್ರು, ಇದೇ ನಾನು, ಗುಜರಿಗೆ ಹಾಕಿದೆ. ‘ಇತಿಹಾಸಕ್ಕೆ ಆಧಾರಗಳು’ ಎಂಬ ಪಾಠವನ್ನು ಪ್ರತಿ ವರ್ಷ ಮಾಡುತ್ತೇನೆ. ಶಾಸನ, ನಾಣ್ಯ, ತಾಳೆಗರಿ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ನಮ್ಮ ಅಟ್ಟದ ಮೇಲಿದ್ದ ಆಧಾರ ನನ್ನ ಕಣ್ಣಿಗೆ ಕಾಣಲಿಲ್ಲ.

ಈ ಕಥೆ ಹೇಳಿದ್ದು ನಿಮ್ಮಿಂದ ಅನುಕಂಪ ಪಡೆಯಲಿಕ್ಕಲ್ಲ. ನಿಮ್ಮ ಅಟ್ಟದ ಮೇಲೆ ಇನ್ನೂ ಏನೋ ಇದೆ ಎಂಬ ನಂಬಿಕೆಯಿಂದ ಹೇಳಿದೆ.

ಆದ್ದರಿಂದ ನನ್ನ ಬೇಡಿಕೆ ಇದು. ಸುವರ್ಣ ಮಹೋತ್ಸವದ ಹೆಸರಿನಲ್ಲಿ ರಂಗಮಂದಿರ, ಕಮಾನು, ನೀರಿನ ಟ್ಯಾಂಕು ಎಲ್ಲ ಆಗಲಿ. ಅದರ ಜೊತೆಗೆ ಹೆಚ್ಚು ದುಡ್ಡು ಬೇಡದ ಒಂದು ಕೆಲಸವನ್ನು ನಮ್ಮ ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳ ಕೈಯಲ್ಲಿ ಮಾಡಿಸೋಣ.

ಮೊದಲಿಗೆ, ನಮ್ಮ ಸುತ್ತಲಿನ ಊರುಗಳಲ್ಲಿ ರೈಲ್ವೆ ಕೆಲಸ ಮಾಡಿ ನಿವೃತ್ತರಾದವರು, ಮರದ ಲೋಡು ಹೊತ್ತವರು, ಸ್ಟೇಷನ್ನಿನಲ್ಲಿ ಕಡಲೆ, ಹಲಸಿನ ತೊಳೆ ಮಾರಿದವರು, ಗಾಡಿಯಲ್ಲಿ ಶಾಲೆಗೆ ಬಂದವರು, ಶೂಟಿಂಗ್ ನೋಡಿದವರು ಯಾರ‍್ಯಾರು ಇದ್ದಾರೆ ಎಂದು ಪಟ್ಟಿ ಮಾಡುವುದು. ಅವರಲ್ಲಿ ಬಹಳ ಜನ ಎಂಬತ್ತು ದಾಟಿದ್ದಾರೆ. ಈ ಕೆಲಸಕ್ಕೆ ವಜ್ರ ಮಹೋತ್ಸವದವರೆಗೆ ಕಾಯಲಾಗುವುದಿಲ್ಲ.

ಎರಡನೆಯದಾಗಿ, ಇಬ್ಬಿಬ್ಬರು ಮಕ್ಕಳು ಒಂದೊಂದು ಮನೆಗೆ ಹೋಗಿ ಮೊಬೈಲಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿಕೊಳ್ಳುವುದು. ‘ನಿಮ್ಮ ಅನುಭವ ಹೇಳಿ’ ಎಂದು ಕೇಳಬೇಡಿ ಮಕ್ಕಳೇ, ಹಾಗೆ ಕೇಳಿದರೆ ‘ಏನುಂಟು ಹೇಳ್ಲಿಕ್ಕೆ’ ಎಂದು ಎದ್ದುಬಿಡುತ್ತಾರೆ. ಸಣ್ಣ ಪ್ರಶ್ನೆ ಕೇಳಿ. ಬುತ್ತಿಯಲ್ಲಿ ಏನು ಒಯ್ಯುತ್ತಿದ್ರಿ? ಮೊದಲ ಸಂಬಳ ಎಷ್ಟು? ಮಳೆಯಲ್ಲಿ ಕಂದೀಲು ಆರಿದರೆ ಏನು ಮಾಡ್ತಿದ್ರಿ? ಅಜ್ಜಿಯರನ್ನು ಮರೆಯಬೇಡಿ. ಗಂಡ ರಾತ್ರಿ ಪಾಳಿಗೆ ಹೋದಾಗ ಅವರು ಹೇಗಿರುತ್ತಿದ್ದರು ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ.

ಮೂರನೆಯದಾಗಿ, ಅಟ್ಟದ ಮೇಲಿನ ಸಾಮಾನು. ಹಳೆಯ ಟಿಕೆಟ್ಟು, ಪಾಸು, ಫೋಟೋ, ಕಂದೀಲು, ಸುತ್ತಿಗೆ, ಕಂಬಳಿ ಏನಿದ್ದರೂ ಸರಿ. ನಮಗೆ ಕೊಡಲೇಬೇಕು ಎಂದಿಲ್ಲ. ಫೋಟೋ ತೆಗೆದು, ಯಾರದ್ದು, ಯಾವುದಕ್ಕೆ ಬಳಸುತ್ತಿದ್ದರು ಎಂದು ಬರೆದುಕೊಂಡು ವಾಪಸ್ ಕೊಟ್ಟರೂ ಸಾಕು. ಆದರೆ ಗುಜರಿಗೆ ಹಾಕುವ ಮೊದಲು ಒಂದು ಸಲ ಶಾಲೆಗೆ ಹೇಳಿ ಕಳುಹಿಸಿ. ಇಷ್ಟು ಮಾತು ಕೊಡಿ.

ನಾಲ್ಕನೆಯದಾಗಿ, ಇದೆಲ್ಲ ಒಂದು ಹದಕ್ಕೆ ಬಂದ ಮೇಲೆ ನಮ್ಮ ಶಾಲೆಯ ಗ್ರಂಥಾಲಯದ ಒಂದು ಗೋಡೆಯಲ್ಲಿ ಇಡೋಣ. ಆಮೇಲೆ ಶಾಲೆ, ಪಂಚಾಯಿತಿ, ಹಳೆಯ ವಿದ್ಯಾರ್ಥಿಗಳ ಸಂಘ ಮೂವರೂ ಸೇರಿ ರೈಲ್ವೆಯವರಿಗೆ ಒಂದು ಮನವಿ ಕೊಡೋಣ. ‘ನಿಮ್ಮ ಮ್ಯೂಸಿಯಮ್ಮಿನಲ್ಲಿ ಮಾಲ್ಗುಡಿಯ ಪಕ್ಕದಲ್ಲಿ ಅರಸಾಳಿಗೂ ಒಂದು ಮೂಲೆ ಕೊಡಿ’ ಎಂದು. ಬರಿಗೈಯಲ್ಲಿ ಹೋಗಿ ಕೇಳಿದರೆ ಅವರೇನು ಇಟ್ಟಾರು? ವಸ್ತು, ಫೋಟೋ, ಬರಹ ಹಿಡಿದುಕೊಂಡು ಹೋದರೆ ಕೇಳುವ ಬಾಯಿಗೆ ಬಲ ಬರುತ್ತದೆ.

ಇನ್ನೂ ಒಂದು ಮಾತಿದೆ. ಕಟ್ಟಡಕ್ಕೆ ಹೊಸ ಕೆಲಸ ಕೊಟ್ಟಾಯಿತು ಎಂದರೆ ಮುಗಿಯಲಿಲ್ಲ. ಉದ್ಘಾಟನೆಯ ದಿನ ಎಲ್ಲ ಕಟ್ಟಡವೂ ಚೆನ್ನಾಗಿಯೇ ಇರುತ್ತದೆ. ಐದನೇ ಮಳೆಗಾಲ, ಹತ್ತನೇ ಮಳೆಗಾಲದಲ್ಲಿ ಹೆಂಚು ಜಾರಿದಾಗ ಯಾರು ನೋಡುತ್ತಾರೆ ಎಂಬುದೇ ಪ್ರಶ್ನೆ. ರಿಪೇರಿ ಮಾಡುವುದು ರೈಲ್ವೆಯವರ ಕೆಲಸ. ಆದರೆ ಹೆಂಚು ಜಾರಿದೆ ಎಂದು ನೋಡಿ ಹೇಳುವ ಕೆಲಸ ದಿನಾ ಆ ದಾರಿಯಲ್ಲಿ ಶಾಲೆಗೆ ಬರುವ ಮಕ್ಕಳದ್ದು, ಹಾಲು ಹಾಕಲು ಹೋಗುವವರದ್ದು. ಕೀಮ್ಯಾನ್ ಕೆಲಸವೂ ಅದೇ ಆಗಿತ್ತಲ್ಲ? ದಿನಾ ನಡೆಯುವುದು, ನೋಡುವುದು, ಸಡಿಲವಾದದ್ದನ್ನು ಆವತ್ತೇ ಬಿಗಿ ಮಾಡುವುದು. ಗೋಡೆಯ ಮೇಲೆ ಹೆಸರು ಕೆತ್ತುವ ನಮ್ಮ ಕೆಲವು ತರುಣರಿಗೂ ಈ ಮಾತು ಮುಟ್ಟಲಿ.

ಇಪ್ಪತ್ತು ನಿಮಿಷ ದಾಟಿತೆಂದು ನಿರೂಪಕರು ಚೀಟಿ ಕಳಿಸಿದ್ದಾರೆ. ಮುಗಿಸುತ್ತೇನೆ.

ಈ ಕೆಲಸಕ್ಕೆ ಮೊದಲ ಹೆಸರಾಗಿ ನಮ್ಮಮ್ಮನ ಹೆಸರು ಬರೆದುಕೊಳ್ಳಿ ಎಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಳ್ಳುತ್ತೇನೆ. ಅವರು ಇಲ್ಲೇ ಎದುರಿನ ಸಾಲಿನಲ್ಲಿ ಕೂತಿದ್ದಾರೆ. ನೋಟ್‌ಬುಕ್ ಹೋಯಿತು. ಆದರೆ ಬೆಳಗಿನ ಗಾಡಿಯ ಸಿಳ್ಳೆಗೆ ಕಾದು ಕೂತವರು ಇದ್ದಾರೆ. ಬರುವ ಸೋಮವಾರ ಇಬ್ಬರು ಮಕ್ಕಳನ್ನು ನಮ್ಮ ಮನೆಗೆ ಕಳಿಸಿ. ಕಾಫಿ, ಕೋಡುಬಳೆ ಸಿಗುತ್ತದೆ. ಪ್ರಶ್ನೆ ಮಾತ್ರ ಸಣ್ಣದು ಕೇಳಬೇಕು.

ಈ ಶಾಲೆಗೆ ಐವತ್ತು ತುಂಬಿದೆ. ಇದನ್ನು ಕಟ್ಟಲು ಜಾಗ ಬಿಟ್ಟುಕೊಟ್ಟವರಿಗೆ, ಕಲ್ಲು ಮಣ್ಣು ಹೊತ್ತವರಿಗೆ, ಪಾಠ ಹೇಳಿದವರಿಗೆ ನನ್ನ ನಮನ.